ನಾಲ್ಕನೆಯ ತರಗತಿಯ ವರ್ಷ

ಅಪ್ಪನನ್ನು ಕರೆತರಬಾರದಿತ್ತು. ಸರ್ಟಿಫಿಕೇಟ್ ತಪಾಸಣೆಗೆ ನಾನೊಬ್ಬಳೇ ಹೈದರಾಬಾದಿಗೆ ಹೋಗುತ್ತೇನೆಂದು ಹಿಂದಿನ ದಿನವೇ ಹೇಳಿದ್ದೆ. ಅಪ್ಪ ಚಂದ್ರಾಮ ಮಾತು ಕೇಳುವ ಆಸಾಮಿಯಲ್ಲ. ಇಸ್ತ್ರಿ ಅಂಗಿ ತೊಟ್ಟು, ನನಗಿಂತ ಮೊದಲೇ ಕೃಷ್ಣಾ ಸ್ಟೇಷನ್ನಿನಲ್ಲಿ ಬಂದು ಕೂತಿದ್ದ.

ಲಿಂಗಂಪಲ್ಲಿಯಲ್ಲಿ ಇಳಿದು, ಎರಡು ಬಸ್ಸು ಬದಲಿಸಿ ನಾಚಾರಂನ ಕಾಲೇಜು ಮುಟ್ಟಿದೆವು. ದಾರಿಯುದ್ದಕ್ಕೂ ಫೈಲನ್ನು ಎದೆಗೊತ್ತಿಕೊಂಡಿದ್ದೆ. ಅದರಲ್ಲೊಂದು ಸುಳ್ಳಿತ್ತು.

ಶಿಕ್ಷಕಿ ಕೆಲಸ ಗಡಿಯಲ್ಲಿರುವ ನಮ್ಮ ನಾರಾಯಣಪೇಟೆ ಜಿಲ್ಲೆಯದು. ಒಂದರಿಂದ ಏಳನೆಯ ತರಗತಿಯೊಳಗೆ ನಾಲ್ಕು ವರ್ಷ ಜಿಲ್ಲೆಯ ಊರುಗಳಲ್ಲೇ ಓದಿದವರು ಸ್ಥಳೀಯರು. ಆ ಪಟ್ಟಿ ತಪ್ಪಿದರೆ ನನ್ನ ಅಂಕಕ್ಕೆ ಕೆಲಸವಿಲ್ಲ. ನಾನು ಊರಲ್ಲಿ ಓದಿದ್ದು ಮೂರೇ ವರ್ಷ. ಕನ್ನಡದ ಮಾಸ್ತರು ವರ್ಗವಾಗಿ ಹೋದಮೇಲೆ ಮಕ್ಕಳೆಲ್ಲ ಆಚೆ ದಂಡೆಯ ಶಾಲೆಗೆ ಸೇರಿದೆವು. ಹೊಳೆ ದಾಟಿದರೆ ಬೇರೆ ರಾಜ್ಯವೆಂದು ಆಗ ಯಾರು ತಲೆ ಕೆಡಿಸಿಕೊಂಡಿದ್ದರು? ಈಗ ಊರಿನ ಹೆಡ್‌ಮಾಸ್ತರ್ ವಾಸುದೇವರ ಕೈಕಾಲು ಹಿಡಿದು, ನಾಲ್ಕನೆಯ ತರಗತಿಯನ್ನೂ ಊರಲ್ಲೇ ಓದಿದಂತೆ ಬರೆಸಿಕೊಂಡಿದ್ದೆ. ಅಪ್ಪನಿಗೆ ಹೇಳಿರಲಿಲ್ಲ. ಹೇಳಿದರೆ ಒಪ್ಪುತ್ತಿರಲಿಲ್ಲ.

ಟೇಬಲ್ಲಿನ ಆಚೆ ಕೂತಿದ್ದ ಮೇಡಂ ತಾಂಡೂರು ಕಡೆಯವರು, ಮನೆಮಾತು ಕನ್ನಡ. ನಮ್ಮಿಬ್ಬರ ಮಾತು ಕೇಳಿ ಅವರ ಮುಖ ಅರಳಿತು. ತೆಲುಗು ಬಿಟ್ಟು ಕನ್ನಡದಲ್ಲೇ ಕೇಳಿದರು; ಅದೇ ನನಗೆ ಮುಳುವಾಯಿತು.

“ಸುವರ್ಣಾ, ನಾಕನೇ ಕ್ಲಾಸ್ ತನಕ ಊರಾಗೇ ಓದೀಯೇನವ್ವ?”

ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಮುಂದೆ ಬಂದ. “ಇಲ್ಲರಿ ಮೇಡಮ್ಮೋರ, ನಾಕನೇ ಕ್ಲಾಸಿಗೆ ಹೊಳಿ ಆಚೀ ಸಾಲಿಗೆ ಹಾಕಿದ್ನಿರಿ. ದಿನಾ ನಾನೇ ಸೈಕಲ್ ಮ್ಯಾಲ ಕುಂದ್ರಿಸಿಕೊಂಡು ಬ್ರಿಜ್ ದಾಟಿಸ್ತಿದ್ನಿ. ಒಂದಿನಾನೂ ತಪ್ಪಿಸಿಲ್ಲರಿ.”

ಮೇಡಂ ಪೆನ್ನು ನಿಂತಿತು. ಕಾಗದ ನೋಡಿದರು, ನನ್ನ ಮುಖ ನೋಡಿದರು. “ಇದ್ರಾಗ ಬ್ಯಾರೆ ಬರದೈತಲ್ಲ. ಯಾವುದು ಖರೆ?”

ಅಪ್ಪನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅದರ ಹಿಂದೆಯೇ ಹೆದರಿಕೆ.

“ಅಪ್ಪಗ ವಯಸ್ಸಾತ್ರಿ. ನೆನಪು ಸರಿ ಉಳಿದಿಲ್ಲರಿ.”

ಅಪ್ಪ ನನ್ನತ್ತ ತಿರುಗಿದ. ಕಾಗದದ ಮೇಲೆ ಕಣ್ಣು ಹಾಯಿಸಿದ. ಅವನಿಗೆ ಓದಲು ಬಾರದು. ಅವನ ಅಂಗಿಯ ತುದಿ ಜಗ್ಗಿದ ನನ್ನ ಕೈ ಮಾತ್ರ ಕಂಡಿರಬೇಕು.

“ಹೌದ್ರಿ,” ಎಂದ ಮೆಲ್ಲಗೆ. “ಭಾಳ ಮರವು ನಂಗ. ಸೈಕಲ್ ಮ್ಯಾಲ ನಾ ಒಯ್ದಾಕಿ ಬ್ಯಾರೆ ಯಾರ ಮಗಳೋ ಇರಬೇಕ್ರಿ.”

ಮೇಡಂ ತುಸು ಹೊತ್ತು ಅವನನ್ನೇ ನೋಡಿ ಸೀಲು ಒತ್ತಿದರು. ನನಗೆ ಕೆಲಸ ಸಿಕ್ಕಂತಾಯಿತು. ಅಪ್ಪನ ಮುಖ ನೋಡುವ ಧೈರ್ಯ ಬರಲಿಲ್ಲ.