ತಗುಲದ ಟ್ರ್ಯಾಕ್ಟರ್

"ರೇಡಿಯೇಟರ್ ನಾನೂರೈವತ್ತು. ಮುಂದಿನ ಸಸ್ಪೆನ್ಷನ್ ಹೋಗೇ ಬಿಟ್ಟಿದೆ, ಹಳೇದು ಹುಡುಕಿ ಹಾಕಿದ್ರೂ ಒಂಬೈನೂರು. ಬಾನೆಟ್ಟು, ಮಡ್‌ಗಾರ್ಡು, ಪೇಂಟು ಎಲ್ಲಾ ಸೇರಿ ಎಂಟುನೂರು. ಲೈಟಿಗೆ ನೂರೈವತ್ತು. ನನ್ನ ಕೂಲಿ ನಾನೂರು." ಹನುಮಂತಯ್ಯ ಕಾರಿನ ಅಡಿಯಿಂದ ಹೊರಗೆ ಬಂದು ಬೆನ್ನಿನ ಮಣ್ಣು ಕೊಡವಿಕೊಂಡ. "ಎರಡು ಸಾವಿರದ ಏಳುನೂರು ಕಣ್ರೀ ತೀರ್ಥಪ್ಪ. ಇದಕ್ಕಿಂತ ಕಮ್ಮಿ ಅಂದೋನು ಸುಳ್ಳು ಹೇಳ್ತಾನೆ."

ತರೀಕೆರೆಯ ಈ ಮೆಕ್ಯಾನಿಕ್ ಬೆಳಗಿನ ಮೊದಲ ಬಸ್ಸಿಗೇ ಬಂದು ಇಳಿದಿದ್ದ. ಅಂಬಾಸಿಡರ್ ಕಾರು ಹಿಂದಿನ ದಿನ ಗುದ್ದಿದ ಹುಣಸೆಮರಕ್ಕೆ ಮೂತಿ ಆನಿಸಿಕೊಂಡು ಹಾಗೆಯೇ ನಿಂತಿತ್ತು. ಅಜ್ಜಂಪುರದ ರೈಲ್ವೆ ಸ್ಟೇಷನ್ನಿನ ಮುಂದೆ ಬಾಡಿಗೆಗೆ ನಿಲ್ಲುತ್ತಿದ್ದ ಆ ಕಾರೊಂದೇ ತೀರ್ಥಪ್ಪನ ಮನೆಯ ಒಲೆ ಉರಿಸುತ್ತಿದ್ದದ್ದು.

ಹನುಮಂತಯ್ಯ ರಸ್ತೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಮಣ್ಣಿನ ಮೇಲಿನ ಗುರುತು ನೋಡಿದ. "ಟ್ರ್ಯಾಕ್ಟರ್ ಪೂರಾ ನಿಮ್ಮ ಕಡೇಗೇ ಬಂದಿದೆಯಲ್ರೀ! ಎಲ್ಲೂ ಬ್ರೇಕ್ ಹಿಡಿದ ಗುರುತಿಲ್ಲ. ನಂಬರ್ ನೋಡಿದ್ರಾ?"

"ಹೊಸದು. ಇನ್ನೂ ನಂಬರೇ ಬರೆಸಿಲ್ಲ."

"ಯಾರ್ದು ಅಂತ ಗೊತ್ತಾಯ್ತಾ?"

ತೀರ್ಥಪ್ಪ ಮರದ ಸಿಪ್ಪೆ ಕೀಳುತ್ತ ನಿಂತ. "ಅಳಿಯಂದ್ರದು. ಅವ್ರೇ ಓಡಿಸ್ತಿದ್ದದ್ದು."

ಹನುಮಂತಯ್ಯ ಸ್ಪ್ಯಾನರುಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿದ. "ನನ್ನ ಕೂಲಿ ಬೇಕಾದ್ರೆ ಆಮೇಲೆ ಕೊಡಿ," ಎಂದ.

ಬೀಗರ ಊರು ಅಲ್ಲಿಂದ ಅಂತರಘಟ್ಟೆಯ ದಾರಿಯಲ್ಲಿ ಎರಡು ಮೈಲಿ. ತೀರ್ಥಪ್ಪ ನಡೆದೇ ಹೊರಟ. ಅರ್ಧ ದುಡ್ಡನ್ನಾದರೂ ಕೇಳಬೇಕು, ಬೇಸರವಾಗದಂತೆ ಕೇಳಬೇಕು ಎಂದು ಮಾತು ಜೋಡಿಸಿಕೊಳ್ಳುತ್ತಿದ್ದ. ಜೋಡಿಸಿದ್ದು ನಾಲ್ಕು ಹೆಜ್ಜೆಗೆ ಕಳಚಿ ಬೀಳುತ್ತಿತ್ತು. ಕಣ್ಣ ಮುಂದೆ ಅದೇ ಮುಖ. ಈರುಳ್ಳಿ ಚೀಲ ಹೇರಿದ ಟ್ರೈಲರ್ ಎಳೆದುಕೊಂಡು ಅಳಿಯ ಷಡಕ್ಷರಿ ಎದುರಿಗೆ ಬಂದಿದ್ದ. ಮಾವನ ಕಾರೆಂದು ದೂರದಿಂದಲೇ ಗುರುತು ಹಿಡಿದಿದ್ದ. ಗುರುತು ಹಿಡಿದ ಮೇಲೆಯೇ ಟ್ರ್ಯಾಕ್ಟರ್ ಈ ಕಡೆಗೆ ಬಂದದ್ದು. ತೀರ್ಥಪ್ಪ ಸ್ಟೇರಿಂಗ್ ತಿರುಗಿಸದಿದ್ದರೆ?

ಯುಗಾದಿಯಲ್ಲಿ ಅಳಿಯ ಟ್ರ್ಯಾಕ್ಟರಿಗೆಂದು ಎರಡು ಸಾವಿರ ಕೇಳಿದ್ದ. ಇರಲಿಲ್ಲ, ಕೊಡಲಿಲ್ಲ. ಅಂದಿನಿಂದ ಅವರು ಮಗಳು ಕಾಶಿಯನ್ನು ತವರಿಗೆ ಕಳಿಸಿರಲಿಲ್ಲ. ಈಗ ಅವಳಿಗೆ ಏಳು ತಿಂಗಳು. ಅಮಾವಾಸ್ಯೆ ಕಳೆದರೆ ಎಂಟಕ್ಕೆ ಬೀಳುತ್ತದೆ. ಎಂಟರಲ್ಲಿ ಬಸುರಿಯನ್ನು ಯಾರೂ ಕಳಿಸುವುದಿಲ್ಲ. ಅತ್ತೆಯಿಲ್ಲದ ಮನೆ, ಮಗಳು ಸುಖವಾಗಿರುತ್ತಾಳೆ ಎಂದು ಮದುವೆಯ ಹೊತ್ತಿಗೆ ಹೆಂಡತಿ ಪ್ರೇಮಮ್ಮ ಎಷ್ಟು ಹಿಗ್ಗಿದ್ದಳು! ಆ ಮನೆಯಲ್ಲಿ ಬೇರೆ ಹೆಂಗಸೇ ಇಲ್ಲ ಎಂಬುದು ಗಂಡ ಹೆಂಡಿರಿಬ್ಬರಿಗೂ ಆಗ ಹೊಳೆದಿರಲಿಲ್ಲ.

ಬೀಗರು ದೇವೀರಪ್ಪ ಜಗಲಿಯ ಮೇಲೆ ಎಲೆಗೆ ಸುಣ್ಣ ಸವರುತ್ತ ಕೂತಿದ್ದರು. "ಬನ್ನಿ ಬೀಗ್ರೇ. ಏನು, ಕಾರು ಬಿಟ್ಟು ನಡ್ಕೊಂಡ್ ಬಂದ್ರಿ?"

ಒಳಗಿನಿಂದ ಕಾಶಿ ನೀರು, ಬೆಲ್ಲ ತಂದಳು. ಚೊಂಬನ್ನು ಎಡಗೈಯಲ್ಲಿ ನೀಡಿದಳು. ಬಲಗೈ ಸೆರಗಿನೊಳಗಿತ್ತು. ಹಿರಿಯರಿಗೆ ಎಡಗೈಯಲ್ಲಿ ನೀರು ಕೊಡುವಂತೆ ಅವಳನ್ನು ಯಾರೂ ಬೆಳೆಸಿರಲಿಲ್ಲ.

"ಕೈಗೇನಾಯ್ತವ್ವ?"

"ಬಾವಿ ಹತ್ರ ಜಾರಿದ್ಲು," ಎಂದರು ದೇವೀರಪ್ಪ. ಕಾಶಿ ತಲೆ ಎತ್ತಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ಷಡಕ್ಷರಿ ನಿಂತದ್ದನ್ನು ಆಗ ತೀರ್ಥಪ್ಪ ನೋಡಿದ. ಗಂಡ ನಿಂತಿದ್ದ ಬಾಗಿಲನ್ನು ಬಿಟ್ಟು, ಕಾಶಿ ದನದ ಕೊಟ್ಟಿಗೆಯ ಕಡೆಯಿಂದ ಸುತ್ತಿಕೊಂಡು ಒಳಗೆ ಹೋದಳು.

ತೀರ್ಥಪ್ಪ ಹೇಗೋ ಕಾರಿನ ಸಂಗತಿ ಹೇಳಿದ.

"ತಗಲ್ತಾ?" ದೇವೀರಪ್ಪ ಕೇಳಿದರು.

"ತಗಲ್ಲಿಲ್ಲ. ಒಂದು ಗೇಣು..."

"ತಗಲ್ದೇ ಇದ್ದದ್ದಕ್ಕೆ ಯಾರಾದ್ರೂ ದುಡ್ಡು ಕೊಡ್ತಾರೇನ್ರೀ? ನೀವು ಹೆದರ್ಕೊಂಡು ಮರಕ್ಕೆ ಗುದ್ದಿದ್ರೆ ಮರಾನೇ ಕೇಳ್ಬೇಕು." ನಕ್ಕಾಗ ಅವರ ಬಾಯಿಂದ ಅಡಿಕೆ ಚೂರು ಹಾರಿತು.

"ಮಾವಂದು ಯಾವಾಗ್ಲೂ ಹಂಗೇ," ಎಂದ ಷಡಕ್ಷರಿ. "ಕೊಡೋ ಹೊತ್ತಿಗೆ ಪಕ್ಕಕ್ಕೆ ಹೋಗ್ತಾರೆ. ಕೇಳೋಕೆ ಮಾತ್ರ ನೆಟ್ಟಗೆ ಬತ್ತಾರೆ."

ಒಳಗೆ ಪಾತ್ರೆಯೊಂದು ಬಿದ್ದು ಉರುಳಿತು. ಷಡಕ್ಷರಿ ಸರಕ್ಕನೆ ಆ ಕಡೆ ತಿರುಗಿದ. ಉರುಳುತ್ತಿದ್ದ ಸದ್ದನ್ನು ಒಳಗೆ ಯಾರೋ ತಟ್ಟನೆ ಹಿಡಿದು ನಿಲ್ಲಿಸಿದರು. ಆ ಹಿಡಿದ ರೀತಿ ಕೇಳಿ ತೀರ್ಥಪ್ಪ ಚೊಂಬನ್ನು ಕೆಳಗಿಟ್ಟ. ದಾರಿಯುದ್ದ ಜೋಡಿಸಿಕೊಂಡ ಮಾತು ಒಂದೂ ಉಳಿಯಲಿಲ್ಲ.

"ಬೀಗ್ರೇ, ಕಾರು ಇನ್ನೂ ಮರದ ಹತ್ರಾನೇ ಇದೆ," ಎಂದ. "ಟ್ರ್ಯಾಕ್ಟರ್ ಗುರುತೂ ಹಂಗೇ ಇದೆ. ಮೆಕ್ಯಾನಿಕ್ಕೂ ನೋಡಿದಾನೆ. ಪೊಲೀಸ್ ಸ್ಟೇಷನ್ನಿಗೆ ಬರ್ಕೊಟ್ರೆ ಅವ್ರು ಬಂದು ನೋಡ್ತಾರೆ. ಟ್ರ್ಯಾಕ್ಟರಿಗೆ ನಂಬರಿಲ್ಲ. ಅಳಿಯಂದ್ರಿಗೆ ಲೈಸೆನ್ಸಿಲ್ಲ. ಒಯ್ದು ಠಾಣೆ ಮುಂದೆ ನಿಲ್ಲಿಸ್ಕೊಂಡ್ರೆ ಬಿಡಿಸ್ಕೊಳ್ಳೋಕೆ ಎಷ್ಟು ದಿನಾನೋ. ನಿಮ್ದು ಈರುಳ್ಳಿ ಇನ್ನೂ ಹೊಲದಲ್ಲೇ ಇದೆ."

"ಏನಂದೆ?" ಷಡಕ್ಷರಿ ಜಗಲಿಗೆ ಇಳಿದ. ಬಹುವಚನ ಹೋಗಿತ್ತು.

"ಲೇ, ಸುಮ್ಕಿರು," ಎಂದರು ದೇವೀರಪ್ಪ. ಎಲೆ ಕೈಯಲ್ಲೇ ಉಳಿದಿತ್ತು. ಮೋಡ ಕಟ್ಟುತ್ತಿದ್ದ ಕಡೆ ಒಮ್ಮೆ ನೋಡಿದರು. "ಎಷ್ಟು ಬೇಕು, ಹೇಳಿ."

"ದುಡ್ಡು ಬೇಡ. ಕಾಶೀನ ಬಾಣಂತನಕ್ಕೆ ಕಳ್ಸಿ."

"ಕಳ್ಸಣ. ಕೊಯ್ಲು ಮುಗೀಲಿ."

"ಈಗ್ಲೇ ಕಳ್ಸಿ. ನನ್ ಜೊತೆ."

ಷಡಕ್ಷರಿ ಮಾವನ ಮುಂದೆ ಬಂದು ನಿಂತ. ಅವನ ಉಸಿರು ತೀರ್ಥಪ್ಪನ ಮುಖಕ್ಕೆ ತಾಗುತ್ತಿತ್ತು. ಆದರೂ ತೀರ್ಥಪ್ಪ ಅಲ್ಲಿಂದ ಕದಲಲಿಲ್ಲ.

ದೇವೀರಪ್ಪ ಮನಸ್ಸಿನಲ್ಲೇ ಎಲ್ಲ ತೂಗಿ ನೋಡಿದರು. "ರಿಪೇರಿ ಮಾತು, ಪೊಲೀಸ್ ಮಾತು ಎರಡೂ ಎತ್ತಬಾರ್ದು. ಇವತ್ತೂ ಅಷ್ಟೇ, ಮುಂದೂ ಅಷ್ಟೇ."

"ಎತ್ತಲ್ಲ."

"ಲೇ ಕಾಶಮ್ಮ, ಹೊರಡು."

ಅವಳು ಆಗಲೇ ಒಂದು ಕೈಚೀಲ ಹಿಡಿದು ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಮಡಿಲು ತುಂಬುವವರು ಯಾರೂ ಇರಲಿಲ್ಲ. ಅಪ್ಪ ಮಗಳು ಹಾಗೆಯೇ ಹೊರಟರು.

ಊರು ದಾಟಿದ ಮೇಲೆ ಹಿಂದಿನಿಂದ ಟ್ರ್ಯಾಕ್ಟರಿನ ಸದ್ದು ಕೇಳಿತು. ತೀರ್ಥಪ್ಪ ಮಗಳ ರಟ್ಟೆ ಹಿಡಿದು ಹೊಲದ ಬದುವಿಗೆ ಹತ್ತಿಸಿ, ಅವಳ ಮುಂದೆ ನಿಂತ. ಸದ್ದು ಹತ್ತಿರವಾಯಿತು. ಬೆನ್ನ ಹಿಂದೆ ಕಾಶಿಯ ಹಲ್ಲು ಕಟಕಟಿಸುವುದು ಕೇಳಿಸಿತು.

ಪಕ್ಕದೂರಿನ ಸಣ್ಣಬೀರಪ್ಪ ಗೊಬ್ಬರ ಹೇರಿಕೊಂಡು ಬಂದಿದ್ದ. "ಬಸ್ಸಿಗೇನಪ್ಪಾ? ಹತ್ತಿ, ಬಿಟ್ ಹೋಗ್ತೀನಿ."

"ಬೇಡ ಕಣಪ್ಪಾ, ನಡೀತೀವಿ," ಎಂದ ತೀರ್ಥಪ್ಪ. ಸಣ್ಣಬೀರಪ್ಪ ಹೋದ ಮೇಲೂ ಬದುವಿನಿಂದ ಇಳಿಯಲು ಇಬ್ಬರಿಗೂ ತುಸು ಹೊತ್ತು ಬೇಕಾಯಿತು.

"ಅಪ್ಪಾಜಿ," ಎಂದಳು ಕಾಶಿ, "ಕಾರಿಗೇನ್ ಮಾಡ್ತೀಯ?"

"ನಡಿಯವ್ವ. ಬಸ್ಸು ತಪ್ಪೋಗ್ತದೆ."

ಕಾರನ್ನು ರಿಪೇರಿ ಮಾಡಿಸಲು ಆಗಲಿಲ್ಲ. ಕಡೂರಿನ ಗುಜರಿಯವನೊಬ್ಬ ಎರಡು ಸಾವಿರಕ್ಕೆ ಕೊಂಡು ಲಾರಿಯ ಹಿಂದೆ ಕಟ್ಟಿ ಎಳೆದುಕೊಂಡು ಹೋದ. ಅದರಲ್ಲಿ ಬಾಣಂತನ ಕಳೆಯಿತು. ತೀರ್ಥಪ್ಪ ಈರುಳ್ಳಿ ಮಂಡಿಯ ಲಾರಿಗೆ ಡ್ರೈವರಾಗಿ ಸೇರಿದ. ಕಾರ್ತಿಕದಲ್ಲಿ ಕಾಶಿಗೆ ಹೆಣ್ಣುಮಗು ಹುಟ್ಟಿತು. ಆ ಮನೆಯಿಂದ ನೋಡಲು ಯಾರೂ ಬರಲಿಲ್ಲ, ಕರೆದೊಯ್ಯಲೂ ಯಾರೂ ಬರಲಿಲ್ಲ. ಕಾರು ಹೋಗಿ ಮಗಳು ಮನೆಯಲ್ಲಿ ಉಳಿದಳು. ಓಣಿಯಲ್ಲಿ ಟ್ರ್ಯಾಕ್ಟರ್ ಸದ್ದಾದರೆ ಪ್ರೇಮಮ್ಮ ಕೈಲಿದ್ದ ಕೆಲಸ ಬಿಟ್ಟು ಹೋಗಿ ಬಾಗಿಲು ಹಾಕುತ್ತಿದ್ದಳು. ಸದ್ದು ದೂರವಾದ ಮೇಲೆ ತೆರೆಯುತ್ತಿದ್ದಳು.