ಸಸ್ಮಿತೊನ ಸಿಟ್ಟು

ಸಸ್ಮಿತೊನ ಪಿತ್ತ ನೆತ್ತಿಗೇರಿತ್ತು. ಬಾಯಿ ಮಾತ್ರ ಹಹ್ಹಹ್ಹ ಎಂದು ನಗುತ್ತಿತ್ತು.

ತಮ್ಮ ಕುಂಚೊರೊ ಜಗಲಿಯ ಕೊಕ್ಕೆಯಿಂದ ಪಂಜರ ಇಳಿಸುತ್ತಿದ್ದ. ಸಸ್ಮಿತೊ ಸಾಕಿದ್ದ ಪೆರ್ಕುತುತ್ ಹಕ್ಕಿಗಳಲ್ಲಿ ಉಳಿದಿದ್ದು ಅದೊಂದೇ. ಮಿಕ್ಕವು ಆಗಲೇ ಹೋಗಿದ್ದವು.

"ಅಣ್ಣಾ, ಇದನ್ನೂ ನಮ್ಮ ಸಾಹೇಬ್ರಿಗೆ ಕೊಟ್ಬಿಡ್ಲಾ? ಇದರ ಕೂಗು ಅಂದ್ರೆ ಅವ್ರಿಗೆ ಪ್ರಾಣ."

ಮುಟ್ಟಿದರೆ ಕೈ ಮುರೀತೀನಿ, ಕಳ್ಳ ನನ್ಮಗನೇ! ಇಷ್ಟೂ ಗಂಟಲವರೆಗೆ ಬಂತು. ಲಕ್ವ ಹೊಡೆದ ಮೇಲೆ ಮಾತು ಅಲ್ಲಿಂದ ಮುಂದೆ ಬಂದದ್ದೇ ಇಲ್ಲ. ಬರುವುದು ನಗು. ಸಿಟ್ಟು ಏರಿದಷ್ಟೂ ನಗು ಜೋರು.

"ನೋಡಿ ಅತ್ತಿಗೆ, ಎಷ್ಟು ಖುಷಿ ಅಣ್ಣಂಗೆ!"

"ಇವ್ರ ಮನಸ್ಸೇ ಹಾಗಪ್ಪ," ಎಂದಳು ಹೆಂಡತಿ ವಗಿರಾ, ಹೆಮ್ಮೆಯಿಂದ. "ಬಂದದ್ದನ್ನೆಲ್ಲ ನಗ್‌ನಗ್ತಾ ತಗೋತಾರೆ."

ಕೋತಗೆಡೆಯ ಓಣಿಯಲ್ಲೆಲ್ಲ ಇದೇ ಮಾತು. ಎದೆ ಒಡೆದರೂ ಮುಗುಳ್ನಗುವವನೇ ಇಲ್ಲಿ ದೊಡ್ಡ ಮನುಷ್ಯ. ಹಾಗಾಗಿ ಅರ್ಧ ಮೈ ಬಿದ್ದುಹೋದರೂ ನಗುವ ಸಸ್ಮಿತೊ ಅವರ ಪಾಲಿಗೆ ಸಂತನಾಗಿಬಿಟ್ಟ. ತಾಯಿಯ ಹೆಣದ ಮುಂದೆ ನಕ್ಕಾಗಲೂ, ಎಂಥ ಮಟ್ಟ ಮುಟ್ಟಿದ್ದಾನೆ ನೋಡಿ ಎಂದು ತಲೆದೂಗಿದರು. ಥೂ, ಇವರ ಬುದ್ಧಿಗಿಷ್ಟು! ಹೆತ್ತವಳಿಗಾಗಿ ಅವನು ಒಳಗೇ ಗೋಳಾಡುತ್ತಿದ್ದುದು ಒಬ್ಬರಿಗೂ ಕಾಣಲಿಲ್ಲ.

ಅಷ್ಟರಲ್ಲಿ ಲಕ್ವದ ರೋಗಿಗಳನ್ನು ಮನೆಗೇ ಬಂದು ನೋಡುವ ಹೊಸ ಡಾಕ್ಟರು ರೆತ್ನೊವುಲಾನ್ ಮೆಟ್ಟಿಲೇರಿ ಬಂದಳು. ಎಲ್ಲರೂ ಅವನ ಜೊತೆ ನಗುತ್ತಿದ್ದರೆ ಅವಳೊಬ್ಬಳು ನಗಲಿಲ್ಲ.

"ಏನ್ ಕೇಳಿದ್ರಿ ಇವ್ರನ್ನ?"

"ಹಕ್ಕಿ ಕೊಡ್ಲಾ ಅಂದೆ. ಒಪ್ಕೊಂಡ್ರು," ಎಂದ ಕುಂಚೊರೊ.

"ಒಪ್ಪಿಲ್ಲ. ನಗೋಕೆ, ಅಳೋಕೆ ಮಿದುಳಲ್ಲಿ ಒಂದು ಲಗಾಮು ಇರತ್ತೆ. ಲಕ್ವದಲ್ಲಿ ಇವ್ರದ್ದು ಕಿತ್ತೋಗಿದೆ. ಒಳಗೆ ಏನೇ ಉಕ್ಕಿದ್ರೂ ಮುಖ ತನ್ನಷ್ಟಕ್ಕೆ ನಗತ್ತೆ. ಉಕ್ಕಿದ್ದೇನು ಅಂತ ಇವ್ರನ್ನೇ ಕೇಳ್ಬೇಕು."

"ಮಾತೇ ಬರಲ್ವಲ್ಲಮ್ಮ!" ಎಂದಳು ವಗಿರಾ.

ಡಾಕ್ಟರು ಅವನ ಎಡಗೈಯನ್ನು ತನ್ನ ಅಂಗೈ ಮೇಲಿಟ್ಟುಕೊಂಡಳು. "ಸಸ್ಮಿತೊ ಅವ್ರೇ, ಹೌದಾದ್ರೆ ತೋರುಬೆರಳು ಎತ್ತಿ. ಇಲ್ಲಾಂದ್ರೆ ಸುಮ್ನಿರಿ. ನಿಮ್ಮ ಹೆಸರು ಕುಂಚೊರೊನಾ?"

ಬೆರಳು ಅಲ್ಲಾಡಲಿಲ್ಲ.

"ಸಸ್ಮಿತೊನಾ?"

ಎದ್ದಿತು.

"ಖುಷಿಯಾಗಿದೆಯಾ?" ಇಲ್ಲ. "ಹಕ್ಕಿ ಕೊಡ್ಬೇಕಾ?" ಇಲ್ಲ. "ಸಿಟ್ಟು ಬಂದಿದೆಯಾ?"

ಬೆರಳು ಸೆಟೆದು ನಿಂತಿತು. ಜೊತೆಗೆ ನಗುವೂ ಉಕ್ಕಿ ಬಂದು ಅವನಿಗೆ ಉಸಿರು ಕಟ್ಟಿತು.

"ತಮ್ಮನ ಮೇಲಾ?"

ಮತ್ತೆ ಎದ್ದಿತು.

"ಅಯ್ಯೋ, ಕೈ ನಡುಗ್ತಿದೆ ಅಷ್ಟೇ ಡಾಕ್ಟ್ರೇ," ಎಂದ ಕುಂಚೊರೊ. ಪಂಜರವನ್ನು ಕೊಕ್ಕೆಗೆ ಸಿಕ್ಕಿಸಿ, ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದ.

ವಗಿರಾ ಗಂಡನ ಮುಂದೆ ಕುಕ್ಕರಿಸಿದಳು. ಅವನಿಗೆ ಸ್ನಾನ ಮಾಡಿಸಿದವಳು ಅವಳು, ಗಂಜಿ ಕುಡಿಸಿದವಳು ಅವಳು. ಒಂದೊಂದು ಪಂಜರ ಹೊರಟಾಗಲೂ ಬಟ್ಟೆ ಸುತ್ತಿ ಕೊಟ್ಟವಳೂ ಅವಳೇ.

"ನನ್ನ ಮೇಲೂನಾ?" ಎಂದಳು.

ಬೆರಳನ್ನು ಸುಮ್ಮನೆ ಮಲಗಿಸಿಡಬಹುದಿತ್ತು. ಅವನು ಎತ್ತಿದ.