ರಾಯದುರ್ಗದ ಸಮುದ್ರ

ಭಾನುವಾರ ಬೆಳಿಗ್ಗೆ ಜೀನ್ಸ್ ಪ್ಯಾಂಟಿನ ಎರಡು ಕಾಲುಗಳನ್ನು ಕೂಡಿಸಿ ಹೊಲಿಯುತ್ತಿದ್ದೆ. ಹೊಲಿಗೆ ಮಂಡಿಯ ತನಕವೂ ಬಂದಿರಲಿಲ್ಲ, ಕರೆಂಟು ಹೋಯಿತು. ನಮ್ಮ ಬೀದಿಯ ಮಿಷನ್ನುಗಳೆಲ್ಲ ಒಟ್ಟಿಗೆ ನಿಂತಾಗ ಮಾತ್ರ ಇಲ್ಲಿ ಗುಬ್ಬಿಗಳೂ ಇವೆ ಅಂತ ಗೊತ್ತಾಗುತ್ತದೆ.

"ಲೈನ್ ರಿಪೇರಿಯಂತ, ಸಂಜಿ ತನಕ ಬರಂಗಿಲ್ಲಂತ," ಪಕ್ಕದ ಮನೆಯ ಈರಕ್ಕ ಬಾಗಿಲಲ್ಲಿ ನಿಂತು ಹೇಳಿದಳು. "ಮಿಷನ್ ಮುಂದ ಕುಂತು ಪೂಜಿ ಮಾಡ್ತೀಯೇನು? ಕೋಟೆ ಹತ್ತೋಣ ಬಾ. ಬರೇ ಕೆಳಗಿಂದ ನೋಡೋದೇ ಆತು."

ಮಗಳು ಸುಶ್ಮಿತಾ ದಾರ ಕತ್ತರಿಸುವುದನ್ನು ಬಿಟ್ಟು ಎದ್ದೇಬಿಟ್ಟಳು. "ಕೋಟೆ ಮ್ಯಾಲಿಂದ ಸಮುದ್ರ ಕಾಣ್ತೈತೇನು ದೊಡ್ಡಮ್ಮ?"

ಅವಳ ಪಾಠದ ಪುಸ್ತಕದಲ್ಲಿ ಒಂದು ಕೋಟೆಯ ಚಿತ್ರವಿದೆ, ಅದರ ಬುಡದಲ್ಲೇ ಅಲೆ. ಕೋಟೆ ಅಂದ ಮೇಲೆ ಸಮುದ್ರ ಇರಲೇಬೇಕು ಅನ್ನುವುದು ಅವಳ ನಂಬಿಕೆ.

"ಕಾಣ್ತೈತಿ ಬಾ, ಕಾಲು ಗಟ್ಟಿ ಇದ್ರ," ಎಂದಳು ಈರಕ್ಕ.

ಮಂಡಕ್ಕಿ ನೆನೆಸಿ ಉಗ್ಗಾಣಿ ಮಾಡಿ ಡಬ್ಬಿಗೆ ತುಂಬಿದೆ. ಮನೆಯಿಂದ ಹೊರಬೀಳುವುದೇ ನನಗೂ ಬೇಕಾಗಿತ್ತು. ಸಂಜೆ ಸುಶ್ಮಿತಾಳ ಅಪ್ಪನಿಗೆ ಫೋನಿನಲ್ಲಿ ಉತ್ತರ ಹೇಳಬೇಕಿತ್ತು. ತಾವು ದುಡಿಯುವ ಬೆಂಗಳೂರಿನ ಗಾರ್ಮೆಂಟಿನಲ್ಲಿ ಅವರು ನನಗೂ ಕೆಲಸ ಮಾತಾಡಿಟ್ಟಿದ್ದರು. ಇಬ್ಬರೂ ಕೆಲಸಕ್ಕೆ ಹೋದರೆ ಮಗುವನ್ನು ನೋಡುವವರು ಯಾರು, ಸದ್ಯಕ್ಕೆ ಊರಲ್ಲಿ, ನೇಮಕಲ್ಲಿನಲ್ಲಿ, ತಮ್ಮ ಅವ್ವನ ಹತ್ತಿರ ಬಿಟ್ಟು ಬಾ ಎಂದಿದ್ದರು. ಆ ಮಾತು ನಡೆಯುವಾಗ ಸುಶ್ಮಿತಾ ಗೋಡೆಯ ಕಡೆ ತಿರುಗಿ ಮಲಗಿದ್ದಳು. ನಿದ್ದೆ ಬಂದಿಲ್ಲವೆಂದು ಅವಳ ಬೆನ್ನೇ ಹೇಳುತ್ತಿತ್ತು. ಅಂದಿನಿಂದ ಅವಳು ಲೋಕದ ಎಲ್ಲವನ್ನೂ ಕೇಳಿದ್ದಳು, ಅದೊಂದನ್ನು ಬಿಟ್ಟು. ನಾನೂ ಬಾಯಿ ಬಿಟ್ಟಿರಲಿಲ್ಲ.

ಬೆಟ್ಟದ ದಾರಿಯಲ್ಲಿ ದಶಭುಜ ಗಣಪತಿಗೆ ಕೈಮುಗಿದು ಹತ್ತತೊಡಗಿದೆವು. ಈರಕ್ಕ ಮುಂದೆ, ನಾವಿಬ್ಬರು ಅವಳ ಹಿಂದೆ. ನಮ್ಮ ಬೆನ್ನಿಗೇ ಬರುತ್ತಿದ್ದ ಕಾಲೇಜು ಹುಡುಗಿಯರು ನನ್ನನ್ನು ನೋಡಿ ಕಿಸಕ್ಕೆಂದರು. ಸೀರೆ ಸರಿಮಾಡಿಕೊಂಡೆ. ಮತ್ತೆ ನಕ್ಕರು. ಸುಶ್ಮಿತಾ ಮಾತ್ರ ಗಂಭೀರವಾಗಿದ್ದಳು.

"ಕೋಟೆ ಬಾಗಿಲು ಯಾಕ ಇಷ್ಟು ಎತ್ತರ?"

"ಆನಿ ಬರ್ತಿದ್ವಲ್ಲ, ಅದಕ್ಕ."

"ಆನಿ ಈ ಕಲ್ಲು ಹೆಂಗ ಹತ್ತಿದ್ವು?"

"ನಿಮ್ಮ ದೊಡ್ಡಮ್ಮ ಹತ್ತಾಕತ್ತಾಳಲ್ಲ, ಹಂಗ."

ಈರಕ್ಕ ಏದುಸಿರಿನಲ್ಲೇ ತಿರುಗಿ ಬೈದಳು, "ಮ್ಯಾಲ ಬಾ, ಉಗ್ಗಾಣಿ ಎಲ್ಲಾ ಈ ಆನೀನೇ ತಿಂತೈತಿ!"

ಸುಶ್ಮಿತಾ ನಗಲಿಲ್ಲ. "ರಾಜ ಕೋಟೆ ಬಿಟ್ಟು ಹೋಗುವಾಗ ಆನೀನೂ ಕರ್ಕೊಂಡು ಹೋದ್ನಾ?"

"ಹೋಗಿರ್ತಾನ."

"ಮರಿ ಆನೀನೂ?"

ನಾನು ಬಾಟಲಿಯ ಮುಚ್ಚಳ ತಿರುಗಿಸಿದೆ. "ನೀರು ಕುಡಿ, ಬಿಸಿಲೈತಿ."

ಮೇಲೆ ಗಾಳಿಯೋ ಗಾಳಿ. ಸೆರಗು ಹಿಡಿದರೆ ಕೂದಲು, ಕೂದಲು ಹಿಡಿದರೆ ಡಬ್ಬಿಯ ಚೀಲ. ಸುಶ್ಮಿತಾ ಮುರಿದ ಗೋಡೆಯ ಮೇಲೆ ಗಲ್ಲವಿಟ್ಟು ದೂರಕ್ಕೆ ನೋಡಿದಳು.

"ಸಮುದ್ರ ಎಲ್ಲೈತಿ?"

"ಅಗಾ, ಕೆಳಗ ನೋಡು," ಎಂದಳು ಈರಕ್ಕ.

ಊರಿನ ಮಾಳಿಗೆಗಳ ಮೇಲೆ ತೊಳೆದು ಒಣಹಾಕಿದ ಜೀನ್ಸ್ ಪ್ಯಾಂಟುಗಳು ಸಾಲುಸಾಲಾಗಿ ಗಾಳಿಗೆ ಏಳುತ್ತಿದ್ದವು, ಬೀಳುತ್ತಿದ್ದವು. ನೀಲಿ, ಕಡುನೀಲಿ, ಮತ್ತೆ ನೀಲಿ.

"ನಮ್ಮ ಸಮುದ್ರ ನಾವೇ ಹೊಲ್ದಿದ್ದು, ಏನಂತಿ?" ಈರಕ್ಕ ನನ್ನ ಕಡೆ ತಿರುಗಿದಳು.

ಈ ಸಲ ಸುಶ್ಮಿತಾಳೂ ನಕ್ಕಳು. ಈರಕ್ಕ ನನ್ನ ಬೆನ್ನು ತಟ್ಟಹೋದವಳು ಕೈ ನಿಲ್ಲಿಸಿದಳು. "ಏ, ನಿನಗ್ಯಾರೇ ನಂಬರ್ ಹಚ್ಚಿದ್ದು? ಇಪ್ಪತ್ತಮೂರಂತ! ಪಾರ್ಸಲ್ ಹೊಂಟೀ ಏನು?"

ಹುಡುಗಿಯರು ನಕ್ಕಿದ್ದು ನನ್ನ ಬೆನ್ನಿಗೆ ಅಂಟಿದ್ದ ಈ ಚೀಟಿಗೇ. ನಮ್ಮ ಕೆಲಸದಲ್ಲಿ ಒಂದು ಪ್ಯಾಂಟಿನ ಎಲ್ಲ ತುಂಡುಗಳಿಗೂ ಒಂದೇ ನಂಬರಿನ ಚೀಟಿ ಅಂಟಿಸಿರುತ್ತಾರೆ. ಬೇರೆ ನಂಬರಿನ ಕಾಲು ಕೂಡಿಸಿದರೆ, ತೊಳೆದ ಮೇಲೆ ಒಂದು ಕಾಲು ಕಡುನೀಲಿ, ಒಂದು ತಿಳಿನೀಲಿ. ಚೀಟಿ ನೋಡಿಯೇ ಜೋಡಿಸಬೇಕು ಎಂದು ಸುಶ್ಮಿತಾಳಿಗೆ ಕಲಿಸಿದವಳು ನಾನೇ.

ಕೀಳಲು ಕೈಯನ್ನು ಹಿಂದಕ್ಕೆ ಚಾಚಿದೆ.

"ಕೀಳಬ್ಯಾಡಮ್ಮ!"

ಅವಳು ತನ್ನ ಫ್ರಾಕಿನ ಅಂಚು ತಿರುವಿ ತೋರಿಸಿದಳು. ಅಲ್ಲೂ ಇಪ್ಪತ್ತಮೂರು. ಬೆಳಿಗ್ಗೆ ನಾನು ಕೂಡಿಸುತ್ತಿದ್ದ ಆ ಎರಡು ಕಾಲುಗಳ ಚೀಟಿಗಳು.

ಈರಕ್ಕನ ನಗು ನಿಂತಿತು. ಡಬ್ಬಿ ಬಿಚ್ಚುವ ನೆಪದಲ್ಲಿ ನೆರಳಿಗೆ ಸರಿದಳು. ನಾನು ಮಗಳ ಎದುರು ಕುಕ್ಕರುಗಾಲಲ್ಲಿ ಕೂತು, ಕಣ್ಣಿಗೆ ಬಿದ್ದಿದ್ದ ಅವಳ ಕೂದಲು ಸರಿಸಿದೆ. ಅವಳು ಫ್ರಾಕಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

"ಅಮ್ಮಾ, ಸಂಜಿಗೆ ಅಪ್ಪಗ ಏನಂತ ಹೇಳ್ತಿ? ನನ್ನೂ ಬೆಂಗಳೂರಿಗೆ ಕರ್ಕೊಂಡು ಹೋಗ್ತೀಯೇನು, ಇಲ್ಲಾ ಅಜ್ಜಿ ಹತ್ರ ಬಿಟ್ಟು ಹೋಗ್ತೀಯೇನು?"